ಎಣ್ಣೆ ನಡೆದ ದಾರಿ

ಗೋಣಿಕೊಪ್ಪದ ಹಳೇ ಕಾಫಿ ಕ್ಯೂರಿಂಗ್ ಶೆಡ್ಡಿನೊಳಗೆ
ಎರಡೇ ಎರಡು ಬೌಲಿಂಗ್ ಲೇನು.
ಸಂಜೆ ನಾಲ್ಕಕ್ಕೆ ಎಣ್ಣೆ ಹಾಕುವವನು ನಾನು:
ನಲವತ್ತು ಅಡಿಯವರೆಗೆ, ನಡುವೆ ದಪ್ಪ, ಅಂಚಿಗೆ ತೆಳು,
ಆಮೇಲೆ ಇಪ್ಪತ್ತಡಿ ಒಣ ಹಲಗೆ, ಅದರಾಚೆ ಹತ್ತು ಪಿನ್ನು.
ನಿಂತು ನೋಡಿದರೆ ಏನೂ ಕಾಣದು.
ಕೆನ್ನೆ ನೆಲಕ್ಕೆ ಹಚ್ಚಿ ನೋಡಿದರೆ
ಟ್ಯೂಬ್‌ಲೈಟು ಅದರಲ್ಲಿ ಈಜುತ್ತಿರುತ್ತದೆ.

ಮಂಗಳವಾರ ಬರುವವರು ಇಬ್ಬರು.
ಪೋಸ್ಟಾಫೀಸಿನಿಂದ ರಿಟೈರಾದ ಬೊಳ್ಳಮ್ಮ,
ಚೆಂಡು ಹಳೇ ಯುರೇಥೇನ್, ಕಾಚಂಪುಳಿಯ ಹಾಗೆ ಕಪ್ಪು.
ಟಿಂಬರ್ ಡಿಪೋದ ಪೂಣಚ್ಚ,
ಅವನದ್ದು ಹೊಸ ರೆಸಿನ್, ನೇರಳೆ-ಕಿತ್ತಳೆ,
ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಮಂಕು ಮಾಡಿದ್ದು.
ಎರಡಕ್ಕೂ ತೂತು ಕೊರೆದವನು
ಕೋವಿ ರಿಪೇರಿಯ ತಮ್ಮಯ್ಯ.

ತಮ್ಮಯ್ಯ ಮೊದಲು ಬೆರಳು ಅಳೆಯುತ್ತಾನೆ, ಆಮೇಲೆ ಆಸಾಮಿಯನ್ನು.
"ಒಳಗೊಂದು ತೂಕ ಮಲಗಿದೆ.
ಎಬ್ಬಿಸಬೇಕೋ ಬೇಡವೋ, ಈಗಲೇ ಹೇಳಿ."
ಬೊಳ್ಳಮ್ಮ ಬೇಡ ಅಂದರು.
ಪೂಣಚ್ಚ ಎಬ್ಬಿಸು ಅಂದ.
ಅವರದ್ದರಲ್ಲಿ ಚುಕ್ಕೆ ಅಕ್ಷಕ್ಕೆ ಅಂಟಿಕೊಂಡೇ ಇದೆ,
ಇವನದ್ದರಲ್ಲಿ ಮೂರಿಂಚು ಚಿಲ್ಲರೆ ದೂರ.
ಅಷ್ಟೇ.

ಇವನ ಚೆಂಡು ಮರಳಿ ಬಂದಾಗ ಮೈತುಂಬ ಎಣ್ಣೆಯ ಉಂಗುರ,
ಒಂದರ ಪಕ್ಕ ಒಂದು;
ಉರುಳಿದಾಗೆಲ್ಲ ಹೊಸ ಚರ್ಮ ನೆಲಕ್ಕೆ ತಾಗಿದ್ದು.
ಕುಡಿಯುತ್ತದೆ ಅದು. ಇಪ್ಪತ್ತು ಎಸೆತ ಮುಗಿಯುವಷ್ಟರಲ್ಲಿ
ಹತ್ತನೇ ಹಲಗೆಯ ಗಂಟಲು ಒಣಗಿರುತ್ತದೆ.
ಬೊಳ್ಳಮ್ಮನದ್ದರ ಮೇಲೆ ಒಂದೇ ಉಂಗುರ.
ಕುಡಿಯುವುದಿಲ್ಲ, ಹೊರುತ್ತದೆ.
ಅದೇ ಪಟ್ಟಿ ಮತ್ತೆ ಮತ್ತೆ ಎಣ್ಣೆ ತುಳಿದು
ಆಚೆಯ ಒಣ ಹಲಗೆಗೆ ಒರೆಸಿ ಹೋಗುತ್ತದೆ,
ತಿತಿಮತಿ ರಸ್ತೆಯಲ್ಲಿ ಕೆರೆಯಿಂದೆದ್ದ ಆನೆ
ದಿನಾ ಅದೇ ಜಾಗದಲ್ಲಿ ಡಾಂಬರು ದಾಟಿ
ಕೆಸರು ಬಿಟ್ಟು ಹೋಗುವ ಹಾಗೆ.

ಮೊನ್ನೆ ಮೂರನೇ ಆಟಕ್ಕೆ ಪೂಣಚ್ಚ ರೇಗಿದ.
ತಿರುಗಬೇಕಾದಲ್ಲಿ ಅವನ ಚೆಂಡು ಜಾರಿತ್ತು.
"ಮೊಯ್ದು, ಎಣ್ಣೆ ಜಾಸ್ತಿ ಸುರಿದಿದ್ದೀಯ!"
ಬೊಳ್ಳಮ್ಮನೂ ಬಿಡಲಿಲ್ಲ: "ನನ್ನದು ಹೊರಟಲ್ಲೇ ತಿರುಗ್ತಿದೆ.
ಕಡಿಮೆ ಹಾಕಿದ್ದೀಯ, ಉಳಿಸಿ ಮಾರ್ತೀಯಾ?"
ಒಂದೇ ಲೇನು, ಒಂದೇ ಸಂಜೆ, ಒಂದೇ ಕ್ಯಾನು.
ನಾನು ಏನು ಹೇಳಲಿ?
ಎಣ್ಣೆ ನಡೆದಿದೆ ಅಂದೆ.
ಸ್ವಲ್ಪ ಇವರ ಹೊಟ್ಟೆಗೆ, ಸ್ವಲ್ಪ ನಿಮ್ಮ ಕಾಲಿಗೆ.

ಇಬ್ಬರೂ ನಗಲಿಲ್ಲ.
ಆದರೆ ಮುಂದಿನ ಸರದಿಗೆ ಪೂಣಚ್ಚ
ಮೂರು ಹಲಗೆ ಎಡಕ್ಕೆ ಸರಿದು ನಿಂತ,
ಬೊಳ್ಳಮ್ಮ ಯಾರನ್ನೂ ನೋಡದೆ
ಅಂಚಿನ ಗಾಡಿಜಾಡು ಹಿಡಿದರು.
ಹತ್ತೂ ಬಿದ್ದಾಗ ಮಾತ್ರ ಇವನು
"ಓ" ಅಂದ, ತನಗೇ ಎಂಬಂತೆ.

ಎಂಟಕ್ಕೆ ಹೊರಟರು; ಆಮೇಲೆ ದಾರಿ ಆನೆಯದು.
ನಾಳೆ ಪೊನ್ನಂಪೇಟೆಯ ಹುಡುಗರು ಬರುತ್ತಾರೆ,
ಕ್ಲಬ್ಬಿನ ಪ್ಲಾಸ್ಟಿಕ್ ಚೆಂಡು,
ಅದಕ್ಕೆ ಇದಾವುದೂ ತಿಳಿಯದು, ನೆಟ್ಟಗೆ ಹೋಗುತ್ತದೆ.
ಒರೆಸುವ ಮುಂಚೆ ಒಮ್ಮೆ ಕೆನ್ನೆ ಹಚ್ಚಿ ಮಲಗಿ ನೋಡಿದೆ:
ಮುಂದೆ ಹರಿದ ಬೆಳಕು, ಆಚೆ ತುದಿಯಲ್ಲಿ
ಯಾರೂ ಹಾಕದ ಹೊಳಪು.

ಮನೆಗೆ ಹೋದರೆ ಪಾತುಮ್ಮ ಸೆರಗಿನಿಂದ ಮುಖ ಒರೆಸುತ್ತಾ
"ಇವತ್ತು ಯಾವ ಲೇನು?" ಅಂತಾಳೆ.