ಏನೂ ಆಗದ ವರ್ಷ

ಫ್ರೀಜರಿನ ಬಾಗಿಲು ತೆರೆದರೆ ಬಿಳಿ ಹೊಗೆ.
ಮೈನಸ್ ಎಂಬತ್ತರಲ್ಲಿ ಸಾಲಾಗಿ ನಿಂತಿವೆ ಊರುಗಳು:
ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ,
ಹೇಮಾವತಿ, ಮೂರನೇ ದೊಡ್ಡಿ, ಕಪ್ಪು ಟಗರು.
ಎಲ್ಲ ನನ್ನದೇ ಕೈಬರಹ. ಮೊದಮೊದಲಿನದು ದುಂಡಗೆ,
ಆಮೇಲಿನದು ನನಗೂ ಓದಲಾಗದು.
ನಾಳೆ ಬೀಗದ ಕೈ ಹೊಸ ಹುಡುಗನಿಗೆ.
ಇವತ್ತು ಎಣಿಸುತ್ತಿದ್ದೇನೆ.

ನೀಲಿ ನಾಲಿಗೆ ರೋಗ ಅನ್ನುತ್ತದೆ ಪುಸ್ತಕ.
ಇಪ್ಪತ್ತೆಂಟು ವರ್ಷದಲ್ಲಿ ನಿಜಕ್ಕೂ ನೀಲಿಯಾದ ನಾಲಿಗೆ
ನಾಕೈದು ಕಂಡಿರಬೇಕು, ಅಷ್ಟೆ.
ಮಿಕ್ಕವು ಮೂತಿ ಊದಿ, ಕುಂಟಿ,
ಜೊಲ್ಲು ಸುರಿಸುತ್ತ ಮಂದೆಯ ಹಿಂದೆ ಬೀಳುತ್ತವೆ.
ಸಣ್ಣೀರಜ್ಜ ಅದಕ್ಕೆ ಮೂತಿಬಾವು ಅಂದ.
ನಾನು ಸರ್ಕಾರದ ನಮೂನೆಯಲ್ಲಿ ತೆಲುಗಿನಲ್ಲಿ ಬರೆದೆ,
ಪ್ರಬಂಧದಲ್ಲಿ ಇಂಗ್ಲಿಷಿನಲ್ಲಿ.
ಅಚ್ಚಾಗಿ ಬಂದಾಗ ಅಗಳಿ ‘ಅಗ್ಲಿ’ ಆಗಿತ್ತು.
ತಿದ್ದಿ ಎಂದು ಪತ್ರ ಹಾಕಿದೆ. ಇನ್ನೂ ಉತ್ತರವಿಲ್ಲ.

ಕಚ್ಚುವುದು ಒಂದು ನುಸಿ, ಎಳ್ಳಿಗಿಂತ ಸಣ್ಣದು.
ಸಗಣಿಯ ಕೆಸರಲ್ಲಿ ಹುಟ್ಟಿ ಮುಸ್ಸಂಜೆಗೆ ಏಳುತ್ತದೆ.
ದೊಡ್ಡಿಯಲ್ಲಿ ದೀಪದ ಬಲೆ ಕಟ್ಟಿ ರಾತ್ರಿಯಿಡೀ ಕೂತಾಗ
ಊರವರು ಬಂದು ಕೇಳಿದರು:
ಕಳ್ಳರಿಗಾ, ದೆವ್ವಕ್ಕಾ?
ನುಸಿಗೆ, ಅಂದೆ.
ಒಬ್ಬಾಕೆ ಮಾತಾಡದೆ ಕಂಬಳಿ ಹೊದಿಸಿ ಹೋದಳು.

ಈ ವೈರಸ್ಸಿಗೆ ವೇಷ ಬಹಳ.
ಎರಡನೆಯದರ ಮುಖ ಕಂಡ ರಕ್ತ
ಒಂಬತ್ತನೆಯದು ಎದುರಾದರೆ
ಮದುವೆಮನೆಯಲ್ಲಿ ಬೀಗರ ಕಡೆಯವರು ಸಿಕ್ಕ ಹಾಗೆ
ಅತ್ತ ನೋಡಿಕೊಂಡು ಹೋಗುತ್ತದೆ.
ಒಂದೊಂದನ್ನೂ ಕೊಂದು ತಂದು ಪರಿಚಯ ಮಾಡಿಸಬೇಕು:
ನೋಡು, ಇವನು.
ನೋಡು, ಇವನೂ.

ತಟ್ಟೆಯ ಗುಳಿಗಳಲ್ಲಿ ಜೀವಕೋಶ ಹಾಸಿ,
ಕುರಿಯ ಸೀರಂ ಎರಡಕ್ಕೊಂದು, ನಾಲ್ಕಕ್ಕೊಂದು,
ಎಂಟಕ್ಕೊಂದು ಎಂದು ತೆಳುಮಾಡುತ್ತ,
ವೈರಸ್ ಬಿಟ್ಟು ಐದು ದಿನ ಕಾಯುವುದು.
ಸೋತರೆ ಹಾಸು ಹರಿದು, ಕೋಶಗಳು ದುಂಡಗಾಗಿ,
ಹುರಿಗಡಲೆಯಂತೆ ತೇಲುತ್ತವೆ.
ಗೆದ್ದರೆ
ಏನೂ ಆಗುವುದಿಲ್ಲ.
ಮೊನ್ನೆ ಹೇಗಿತ್ತೋ ಇವತ್ತೂ ಹಾಗೇ.

ಮೊದಲ ಸಲ ಅದನ್ನು ಕಂಡ ರಾತ್ರಿ
ಹೇಳಿಕೊಳ್ಳಲು ಯಾರೂ ಇರಲಿಲ್ಲ.
ವಾಚ್‌ಮನ್ ಓಬಳೇಶನನ್ನು ಎಬ್ಬಿಸಿ ತಂದು
ಮೈಕ್ರೋಸ್ಕೋಪಿಗೆ ಕಣ್ಣಿಡಿಸಿದೆ.
ಬಹಳ ಹೊತ್ತು ನೋಡಿದ.
“ಏನೂ ಆಗಿಲ್ಲವಲ್ಲ ಮೇಡಂ.”
ಅದೇ ಓಬಳೇಶ, ಅದೇ, ಅಂದೆ.

ಒಂದು ಬೇಸಗೆ ಮೂರು ದಿನ ಕರೆಂಟಿಲ್ಲ.
ಜನರೇಟರಿನ ಡೀಸೆಲ್ ಬಿಲ್ಲು ಪಾಸಾಗಿರಲಿಲ್ಲ.
ಮಡಕಶಿರಾ ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯ ಐಸಿನಲ್ಲಿ
ಇನ್ನೂರು ಶೀಷೆ ಹೂತು ಉಳಿಸಿದೆ.
ಉಳಿದ ಹನ್ನೊಂದು ವರ್ಷ ಕರಗಿತು.
ಕುದಿಸಿ ಚೆಲ್ಲಿದೆ.
ಆ ವಾರದ ಬಗ್ಗೆ ಹೆಚ್ಚು ಬರೆಯಲಾರೆ.

ಲಸಿಕೆ ಹಾಕಿದ ಮರುವರ್ಷ ಮಳೆ ಚೆನ್ನಾಗಿ ಬಂತು,
ನುಸಿಯೂ ಚೆನ್ನಾಗಿ ಎದ್ದಿತು.
ಕಾರ್ತಿಕ ಕಳೆದ ಮೇಲೆ ಸಣ್ಣೀರಜ್ಜನ ಹಟ್ಟಿಗೆ ಹೋದೆ,
ಪರೀಕ್ಷೆಗೆ ಒಂದಿಷ್ಟು ರಕ್ತ ಕೇಳಲು.
ನೂರ ನಲವತ್ತು ಕುರಿ ಮೆಲುಕು ಹಾಕುತ್ತಿದ್ದವು.
ಅಜ್ಜ ಬೀಡಿ ಆರಿಸಿ ಹೇಳಿದ:
“ಹೋದ್ಸಲ ಸುಮ್ನೆ ಚುಚ್ಚಿದ್ರಿ ಕಣಮ್ಮ.
ಈ ವರ್ಷ ಏನೂ ಆಗ್ಲೇ ಇಲ್ಲ.
ಕುರಿಗೂ ನೋವು, ನಿಮಗೂ ಜೀಪಿನ ಖರ್ಚು.”

ವಾದಿಸಬಹುದಿತ್ತು. ಅಂಕಿಅಂಶ ಚೀಲದಲ್ಲೇ ಇತ್ತು.
ಮಜ್ಜಿಗೆ ಕೊಟ್ಟ. ಕುಡಿದೆ.
ಹೌದಜ್ಜ, ಏನೂ ಆಗಲಿಲ್ಲ, ಅಂದೆ,
ಅಷ್ಟು ಸಂತೋಷದಿಂದ ಅಂದೆನೆಂದರೆ
ಅವನು ಇನ್ನೊಂದು ಲೋಟ ಸುರಿದ.

ಫ್ರೀಜರ್ ಕೂಗುತ್ತಿದೆ, ಬಾಗಿಲು ಮುಚ್ಚಬೇಕಂತೆ.
ಲೆಕ್ಕಕ್ಕಿಂತ ಒಂದು ಶೀಷೆ ಹೆಚ್ಚಿದೆ.
ಊರು ಅಳಿಸಿಹೋಗಿ ವರ್ಷ ಮಾತ್ರ ಉಳಿದಿದೆ,
ನಾನು ಕೆಲಸಕ್ಕೆ ಸೇರಿದ ವರ್ಷ.
ಹುಡುಗನಿಗೆ ಚೀಟಿ ಅಂಟಿಸಿದೆ:
ಯಾವ ಕುರಿಯದೋ ತಿಳಿಯದು.
ಎಸೆಯಬೇಡ.