ಕೊನೆಯಿಂದ ಎಣಿಸುವುದು

ಕೌಲ್ ಬಜಾರಿನ ಈ ಮಾಳಿಗೆ ಕೋಣೆಯ ನೆಲ
ಹಗಲಿಡೀ ನಡುಗುತ್ತದೆ.
ಕೆಳಗೆ ಗಾದಿಲಿಂಗಪ್ಪನ ಜೀನ್ಸ್ ಯೂನಿಟ್ಟು,
ಹದಿನಾರು ಹೊಲಿಗೆ ಯಂತ್ರ.
ಮೇಲೆ ನನ್ನ ಕಂಪ್ಯೂಟರು, ಅದಕ್ಕೂ ಹದಿನಾರು ಕೋರು.
ಹೋಲಿಕೆ ನಾನು ಕಟ್ಟಿದ್ದಲ್ಲ, ಬಾಡಿಗೆ ಕಡಿಮೆಯಿತ್ತು.

ನನ್ನ ಪ್ರಬಂಧದ ತಕರಾರು ಇಷ್ಟೇ:
ಕೆಲಸಗಳು ಒಂದರ ಬಾಲ ಒಂದು ಹಿಡಿದಿವೆ,
ಇದು ಮುಗಿಯದೆ ಅದು ಶುರುವಾಗದು.
ಐದು ಕೋರು ಬೆವರುವಾಗ
ಹನ್ನೊಂದು ಸುಮ್ಮನೆ ಕೂತಿರುತ್ತವೆ.
ಸಿಕ್ಕಿದ್ದನ್ನು ಖಾಲಿ ಇದ್ದವರಿಗೆ ಕೊಟ್ಟೆ:
ನಾಲ್ವತ್ತೊಂದು ಸೆಕೆಂಡು.
ಬೇರೆಡೆ ಬಾಡಿಗೆಗೆ ಪಡೆದು ಕೋರು ಮೂವತ್ತೆರಡು ಮಾಡಿದೆ:
ನಾಲ್ವತ್ತೊಂದೇ.

ಒಂದು ಮಧ್ಯಾಹ್ನ ನಡುಕ ನಿಂತಿತು.
ಕರೆಂಟು ಇತ್ತು, ಫ್ಯಾನು ತಿರುಗುತ್ತಿತ್ತು.
ಇಳಿದು ನೋಡಿದರೆ
ಹದಿನೈದು ಜನ ಕೈ ಕಟ್ಟಿ ಕೂತಿದ್ದಾರೆ,
ಎರ್ರೆಮ್ಮ ಒಬ್ಬಳೇ ಜಿಪ್ಪು ಕೂಡಿಸುತ್ತಿದ್ದಾಳೆ.
ಮೊಣಕಾಲುದ್ದ ಜೇಬಿನ ರಾಶಿ,
ಯಾರಿಗೂ ಈಗ ಬೇಡದ ಜೇಬು.
ಗಾದಿಲಿಂಗಪ್ಪ ಇನ್ನೆರಡು ಯಂತ್ರ ತರುವ ಮಾತಾಡುತ್ತಿದ್ದ.

ಗುಂಡಿ ಬಡಿಯುವ ಹುಸೇನ್‌ಬೀ ನಕ್ಕಳು:
"ಯಂತ್ರ ತಂದು ಏನ್ ಮಾಡ್ತೀಯಪ್ಪ?
ಲಾರಿ ಒಂಬತ್ತಕ್ಕ ಹೊಂಡ್ತದ. ಅಲ್ಲಿಂದ ಹಿಂದಕ್ಕ ಎಣಿಸು.
ಗುಂಡಿಗೆ ಒಂದು ತಾಸು.
ಮುಂಡರಗಿ ವಾಷಿಂಗಿಗೆ ಮೂರು.
ಹೋಗಿ ಬರೋ ಆಟೋಕ್ಕ ಒಂದು, ಅದನ್ನ ಯಾರೂ ಲೆಕ್ಕ ಹಿಡಿಯಂಗಿಲ್ಲ.
ಅಂದ್ರ ನಾಲ್ಕಕ್ಕ ಪ್ಯಾಂಟು ಎದ್ದು ನಿಂತಿರಬೇಕು.
ಜಿಪ್ಪಿಲ್ಲದ ಪ್ಯಾಂಟು ಹೆಂಗ ಎದ್ದೀತು?
ಮುಂಜಾನೆ ಮೊದಲು ಜಿಪ್ಪಿಗೆ ಇಬ್ಬರು ಕೂಡ್ರಿ.
ಜೇಬು ಕಾಯ್ಲಿ. ಜೇಬಿಗೇನು ಹಸಿವಾ?"

ರಾತ್ರಿ ಬಾಣಗಳ ಆ ಜಾಲವನ್ನು ತಿರುವಿ ಹಾಕಿದೆ.
ತುದಿಯಿಂದ ಹಿಂದಕ್ಕೆ ನಡೆದೆ,
ಪ್ರತಿ ಕೆಲಸದ ಬೆನ್ನ ಮೇಲೆ ಬರೆದೆ
ಇದರ ನಂತರ ಇನ್ನೆಷ್ಟು ದಾರಿ ಉಳಿದಿದೆ ಎಂದು,
ಕೋರಿನಿಂದ ಕೋರಿಗೆ ಗಂಟು ಹೊರುವ ಹೊತ್ತನ್ನೂ ಸೇರಿಸಿ.
ಉದ್ದ ದಾರಿಯವರಿಗೆ ಮೊದಲ ಕುರ್ಚಿ.
ಇಪ್ಪತ್ತೊಂಬತ್ತು ಸೆಕೆಂಡು!

ಹೇಳಲು ಇಳಿದು ಓಡಿದೆ.
ಹುಸೇನ್‌ಬೀ ದಾರ ಕಚ್ಚಿ ಹರಿದಳು.
"ಚಲೋ ಆತು. ಇನ್ನಾ ಎಷ್ಟು ಕೂತಾವು?"
ನಾಲ್ಕು, ಎಂದೆ. ಒಮ್ಮೊಮ್ಮೆ ಐದು.
"ಕೂತಿದ್ದಕ್ಕ ಅವಕ್ಕ ಕೂಲಿ?"
ಕರೆಂಟು, ಎಂದೆ. ಕೂತರೂ ಕುಡಿಯುತ್ತವೆ.

ಅವಳು ಗುಂಡಿಯ ಡಬ್ಬಿ ಅಲುಗಿಸಿದಳು.
ಇಲ್ಲಿ ಪೀಸಿಗೆ ಇಷ್ಟು ಅಂತ ಲೆಕ್ಕ.
ಕಾದ ತಾಸನ್ನು ಬರೆಯುವ ಪುಸ್ತಕ
ಗಾದಿಲಿಂಗಪ್ಪನ ಬಳಿ ಇಲ್ಲ.

ನನ್ನ ಬಳಿ ಇದೆ. ಏಳನೇ ಕಾಲಂ, ಮಿಲಿಸೆಕೆಂಡಿನಲ್ಲಿ.
ಅದರ ತಲೆಗೆ 'ವ್ಯರ್ಥ' ಎಂದು ಬರೆದಿದ್ದೆ.
ಹೊಡೆದು ಹಾಕಿ ಬೇರೆ ಪದ ಹುಡುಕುತ್ತ ಕೂತಿದ್ದೇನೆ.
ಕೆಳಗೆ ಎರಡು ಯಂತ್ರ ಒಟ್ಟಿಗೆ ಜಿಪ್ಪು ಕೂಡಿಸುತ್ತಿವೆ,
ಅಂಗಾಲಿಗೆ ಗೊತ್ತಾಗುತ್ತಿದೆ.