ರಿವೈಂಡ್ ಮಾಡದಿದ್ದರೆ ಒಂದು ರೂಪಾಯಿ

ಡಿಸೆಂಬರ್ ಮೂವತ್ತೊಂದು. ಅರಸೀಕೆರೆ, ಸ್ಟೇಷನ್ ರೋಡು.
ಅರ್ಧ ಷಟರ್ ಎಳೆದು ಕೂತಿದ್ದೇವೆ ನಾಲ್ಕು ಜನ,
ವರ್ಷದ ಒಳ್ಳೆ ಪಿಚ್ಚರ್ ಯಾವುದು, ದರಿದ್ರ ಯಾವುದು
ಆರಿಸಲಿಕ್ಕೆ.
ನನ್ನ ಮುಂದೆ ಬಾಡಿಗೆ ಲೆಡ್ಜರು, ಪೇಪರಿನಲ್ಲಿ ಖಾರದ ಮಂಡಕ್ಕಿ,
ವಿಸಿಆರಿನ ಹೆಡ್ ಒರೆಸಿದ ಸ್ಪಿರಿಟ್ ವಾಸನೆ.

ಷಡಕ್ಷರಿ ಬೋರ್ಡು ಬರೆಯುವವನು. ಅವನಿಗೆ ಪೋಸ್ಟರೇ ಪಿಚ್ಚರು.
'ತಂಗಿ ಬಾವಿಗೆ ಹಾರ್ತಾಳಲ್ಲ, ಅದು. ಆ ಸೀರೆಯ ನೀಲಿ
ಯಾವ ಅಂಗಡೀದು ಅಂತ ಕೇಳಿ ಬರಬೇಕು.'

ಝಬೀವುಲ್ಲ ಟಾಕೀಸಿನಲ್ಲಿ ಮಿಷಿನ್ನು ಓಡಿಸುವವನು.
ಕಿಂಡಿಯಿಂದ ಅವನು ನೋಡುವುದು ತೆರೆಯನ್ನಲ್ಲ, ತಲೆಗಳನ್ನ.
'ಹಾವು ಕೋರ್ಟಿಗೆ ಬಂದು ಸಾಕ್ಷಿ ಹೇಳೋದೇ ದರಿದ್ರ.
ಎರಡನೇ ವಾರ ಹದಿನೇಳು ತಲೆ. ಅದರಲ್ಲೊಂದು
ನಮ್ಮ ಗೇಟ್‌ಕೀಪರಂದು.'

ನರ್ಸು ಓಂಕಾರಮ್ಮ ಸೆರಗು ಸಿಕ್ಕಿಸಿಕೊಂಡಳು ಜಗಳಕ್ಕೆ:
'ಆ ಹದಿನೇಳರಲ್ಲಿ ನಾನೂ ಒಬ್ಬಳು ಕಣಯ್ಯಾ.
ಮೂರು ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದೆ.
ಹೆಸರು ಬೀಳುವಾಗ ಮುಚ್ಚಿದ ಕಣ್ಣು
ದೀಪ ಹಾಕಿದಾಗ ಬಿಟ್ಟೆ.
ಮದುವೆಯಾದ ಮೇಲೆ ಅಂಥ ನಿದ್ದೆ ಅದೊಂದೇ.
ನನ್ನ ಓಟು ಹಾವಿಗೆ.'

ನಾನು ಲೆಡ್ಜರನ್ನು ನಂಬುವವಳು.
ಬಾವಿ ನೂರ ನಲವತ್ತು ಸಲ ಹೋಗಿದೆ.
ಹಾವು ಒಂಬತ್ತು; ನಾಲ್ಕು ಸಲ
ಒಂದೇ ಗಂಟೆಯಲ್ಲಿ ವಾಪಸ್ಸು, ಬೈಗುಳದ ಸಮೇತ.
ಇರಲಿ, ಕೊನೇ ಸಲ ನೋಡಿಯೇ ಬಿಡೋಣ ಅಂತ
ಡಬ್ಬಿ ತೆಗೆದು ಕ್ಯಾಸೆಟ್ಟು ತುರುಕಿದರೆ
ತಂಗಿಯೂ ಇಲ್ಲ, ಬಾವಿಯೂ ಇಲ್ಲ.
ಯಾರದೋ ಮದುವೆ. ಅದೂ ನಟ್ಟನಡುವೆ ನಿಂತದ್ದು.
ಕೊನೆಗೆ ಒಯ್ದವರು ಗಿರಾಕಿ ಇನ್ನೂರ ಹನ್ನೆರಡು.
ಅದಲುಬದಲಾಗಿದೆ. ರಿವೈಂಡೂ ಮಾಡಿಲ್ಲ.
ದಂಡ ಒಂದು ರೂಪಾಯಿ ಅಂತ ಬರೆದುಕೊಂಡು
ಮೊದಲಿಗೆ ತಿರುಗಿಸಿದೆ.

ಗುಲಾಬಿಯೊಂದು ಗರಗರ ಸುತ್ತಿ ಅದರ ಹೊಟ್ಟೆಯಿಂದ ಹುಡುಗ,
ಇನ್ನೊಂದರಿಂದ ಹುಡುಗಿ.
ಐದನೇ ಹೋಳಿಗೆಗೆ ಕೈ ಹಾಕಿದ ಪುಟ್ಟನನ್ನೇ ಹಿಡಿದು ನಿಂತು
ಕ್ಯಾಮೆರಾದವನು ಧಾರೆ ತಪ್ಪಿಸಿದ್ದಾನೆ.
ನಕ್ಕೆವು.
ಆಮೇಲೆ ಊಟದ ಪಂಕ್ತಿಯಲ್ಲಿ, ರವೆ ಉದುರಿದ ಹಾಗೆ, ಚುಕ್ಕಿ.

ಎಲ್ಲ ಕ್ಯಾಸೆಟ್ಟೂ ಎಲ್ಲೋ ಒಂದು ಕಡೆ ಸವೆಯುತ್ತದೆ.
ಜನ ಅಲ್ಲಿಗೇ ಹಿಂದಕ್ಕೆ ಹೋಗಿ ಹೋಗಿ ನೋಡಿರುತ್ತಾರೆ.
ಸಾಮಾನ್ಯವಾಗಿ ಅದು ಕ್ಯಾಬರೆ.
ಇಲ್ಲಿ ಕಂದು ಸ್ವೆಟರಿನ ಹೆಂಗಸು. ಕೋಸಂಬರಿ ಬಡಿಸುತ್ತಾ
ತಲೆಯೆತ್ತಿ ನಮ್ಮ ಕಡೆಗೆ ಏನೋ ಅನ್ನುತ್ತಾಳೆ.
ನಾಲ್ಕು ಸೆಕೆಂಡು. ಮಾತನ್ನು ಓಲಗ ನುಂಗಿದೆ.

'ಬಾಗಿಲು ಹಾಕಿ ಬಂದ್ರಾ, ಅಂತಾಳೆ' ಎಂದ ಷಡಕ್ಷರಿ.
'ಅಲ್ಲ. ನಿಮ್ದಿನ್ನೂ ಊಟ ಆಗಿಲ್ವಾ, ಅಂತ.
ಗಂಟಲು ಹೋದವರ ತುಟಿ ಎಷ್ಟು ಓದಿಲ್ಲ ನಾನು'
ಎಂದಳು ಓಂಕಾರಮ್ಮ.
ಮೂರು ಸಲ ಹಿಂದಕ್ಕೆ ಹೋದೆವು.
ನಮ್ಮ ಪಾಲಿನದೂ ಅಷ್ಟು ಸವೆಯಿತು.

'ಈ ವರ್ಷದ್ದು ಇದೇ' ಅಂದವನು ಝಬೀವುಲ್ಲ,
ತೆರೆ ನೋಡದವನು.
ನಾಲ್ಕೂ ಕೈ ಎದ್ದವು.
ದರಿದ್ರ ಯಾವುದೆಂದು ಮತ್ತೆ ಕಿತ್ತಾಟ ಶುರುವಾಗಿ
ಹಾವು ಗೆಲ್ಲುತ್ತೋ ಸೋಲುತ್ತೋ ಅನ್ನುವಾಗ ಕರೆಂಟು ಹೋಯಿತು.
ಆ ಕಾಲಮ್ಮು ಇವತ್ತಿಗೂ ಖಾಲಿ.

ಜನವರಿ ನಾಲ್ಕಕ್ಕೆ ಬಂದರು ಇನ್ನೂರ ಹನ್ನೆರಡು,
ಪಾಯಿಂಟ್ಸ್‌ಮನ್ ತಿಪ್ಪೇರುದ್ರಯ್ಯ,
ಕಂಕುಳಲ್ಲಿ ನಮ್ಮ ಬಾವಿ.
ಹನ್ನೊಂದು ದಿನ ತಡ, ದಿನಕ್ಕೆರಡು.
ಇಪ್ಪತ್ತೆರಡು ಎಣಿಸಿಟ್ಟು ತಮ್ಮದನ್ನು ತೆಗೆದುಕೊಂಡು
ಅದರ ಕಿಂಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದರು.
ಟೇಪೆಲ್ಲ ಎಡಗಡೆ ಸುತ್ತಿಕೊಂಡಿತ್ತು, ಗುಂಡಗೆ, ನೀಟಾಗಿ.
'ರಿವೈಂಡ್ ಮಾಡಿಬಿಟ್ರಾ' ಅಂದರು.
ಅಷ್ಟೇ ಅಂದರು.

ಲೆಡ್ಜರಿನಲ್ಲಿ ಬರೆದಿದ್ದ ದಂಡ ಹೊಡೆದುಹಾಕಿ
ಗಲ್ಲಾದಿಂದ ಒಂದು ರೂಪಾಯಿ ತೆಗೆದು
ಅವರ ಕೈಗೆ ಕೊಟ್ಟೆ.